ಘಾಟಿಯಲ್ಲಿ ಮೆತ್ತಗಾಗುವ ಬ್ರೇಕು

ಗುಂಡ್ಲುಪೇಟೆ ಸೀಮೆಯ ತರಕಾರಿ ಪಿಕಪ್ ಗಾಡಿಗಳಲ್ಲಿ ಕೇರಳಕ್ಕೆ ಹೋಗುವುದನ್ನು ನೀವು ನೋಡಿರುತ್ತೀರಿ. ಬಂಡೀಪುರದ ಕಾಡಿನಲ್ಲಿ ಸರಕಿನ ಗಾಡಿಗಳಿಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ದಾರಿಯಿಲ್ಲ. ಹಾಗಾಗಿ ಡ್ರೈವರುಗಳಿಗೆ ಹೊರಡುವ ಅವಸರ ಇದ್ದೇ ಇರುತ್ತದೆ. ಸುಲ್ತಾನ್ ಬತ್ತೇರಿ, ಕಲ್ಪೆಟ್ಟ ದಾಟಿ ಲಕ್ಕಿಡಿಗೆ ಬಂದರೆ ಮುಂದೆ ತಾಮರಶ್ಶೇರಿ ಘಾಟಿ. ಒಂಬತ್ತು ಹೇರ್‌ಪಿನ್ ತಿರುವು, ಉದ್ದಕ್ಕೂ ಇಳಿಜಾರು.

ಹಳೆಯ ಗಾಡಿಯ ಡ್ರೈವರು ಕೆಲವೊಮ್ಮೆ ಒಂದು ವಿಚಿತ್ರ ದೂರು ಹೊತ್ತು ಊರಿಗೆ ಮರಳುತ್ತಾನೆ. ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಯಿತು, ಒತ್ತಿದರೆ ಕೆಳಕ್ಕೇ ಹೋಯಿತು. ಕೆಳಗೆ ಗಾಡಿ ನಿಲ್ಲಿಸಿ ಟೀ ಕುಡಿದು ಬರುವಷ್ಟರಲ್ಲಿ ಮೊದಲಿನ ಹಾಗೇ ಗಟ್ಟಿ! ಮೆಕ್ಯಾನಿಕ್ ಒತ್ತಿ ನೋಡಿದರೂ ಎಲ್ಲ ಸರಿ. ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗಿ ಬಂದರೂ ಎಲ್ಲ ಸರಿ, ಆ ದಾರಿಯಲ್ಲಿ ಘಾಟಿಯೇ ಇಲ್ಲವಲ್ಲ. ಹಾಗಾದರೆ ಡ್ರೈವರು ಸುಳ್ಳು ಹೇಳಿದನೇ? ಇಲ್ಲ. ತಪ್ಪಿತಸ್ಥ ಸ್ಥಳ ಬಿಟ್ಟು ಹೋಗಿದ್ದಾನೆ, ಅಷ್ಟೆ. ಅವನನ್ನು ಹಿಡಿಯೋಣ.

ಸೂಜಿಯಿಲ್ಲದ ಹೊಸ ಸಿರಿಂಜ್ ಎರಡು ತನ್ನಿ. ಸಣ್ಣ ರಬ್ಬರ್ ಕೊಳವೆಯಿಂದ ಎರಡನ್ನೂ ಜೋಡಿಸಿ, ಒಳಗೆ ಪೂರ್ತಿ ನೀರು ತುಂಬಿ. ಒಂದನ್ನು ಒತ್ತಿದೊಡನೆ ಇನ್ನೊಂದರ ದಂಡ ಹಿಂದಕ್ಕೆ ಸರಿಯುತ್ತದೆ. ಬ್ರೇಕೂ ಇದೇ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲ್ ಮೇಲೆ ಒತ್ತಡ ಬೀಳುತ್ತದೆ, ಆ ಒತ್ತಡ ಪೈಪಿನ ಮೂಲಕ ನಾಲ್ಕೂ ಚಕ್ರಗಳನ್ನು ಮುಟ್ಟುತ್ತದೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆಂದು ತೋರಿಸಿದವನು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್.

ಈಗ ಕೊಳವೆಯೊಳಗೆ ಬೇಕೆಂದೇ ಸ್ವಲ್ಪ ಗಾಳಿ ಬಿಡಿ. ಎರಡನೆಯ ಸಿರಿಂಜಿನ ದಂಡವನ್ನು ಗೆಳೆಯನೊಬ್ಬ ಬಿಗಿಯಾಗಿ ಹಿಡಿದಿರಲಿ, ನೀವು ಮೊದಲನೆಯದನ್ನು ಒತ್ತಿ. ಅವನು ಅಲುಗಾಡದಿದ್ದರೂ ನಿಮ್ಮ ದಂಡ ಒಳಕ್ಕೆ ಹೋಗುತ್ತದೆ, ಬಿಟ್ಟರೆ ಪುಟಿದು ವಾಪಸು ಬರುತ್ತದೆ. ಬೆರಳಿಗೆ ತಾಗುವ ಆ ಮೆತ್ತನೆಯೇ ಡ್ರೈವರಿನ ಪಾದಕ್ಕೆ ತಾಗಿದ್ದು. ಒತ್ತಡ ಇಮ್ಮಡಿಯಾದರೆ ಗಾಳಿ ಅರ್ಧಕ್ಕೆ ಕುಗ್ಗುತ್ತದೆ ಎಂದು ರಾಬರ್ಟ್ ಬಾಯ್ಲ್ ಪ್ರಕಟಿಸಿದ್ದು 1662ರಲ್ಲಿ, ಪ್ಯಾಸ್ಕಲ್ ತೀರಿಕೊಂಡ ವರ್ಷವೇ. ನೀರು ಹಾಗಲ್ಲ. ಅಷ್ಟೇ ಒತ್ತಡಕ್ಕೆ ಅದು ಇಪ್ಪತ್ತು ಸಾವಿರದಲ್ಲಿ ಒಂದು ಪಾಲಿನಷ್ಟೂ ಕುಗ್ಗುವುದಿಲ್ಲ. ಬ್ರೇಕ್ ಆಯಿಲ್ ಕೂಡ ಹೀಗೇ ಹಟಮಾರಿ. ಪೈಪಿನಲ್ಲಿ ಗುಳ್ಳೆ ಇದ್ದರೆ ನಮ್ಮ ಕಾಲಿನ ಶ್ರಮ ಆ ಗುಳ್ಳೆಯನ್ನು ಹಿಂಡುವುದರಲ್ಲೇ ಕಳೆದುಹೋಗುತ್ತದೆ.

ಸರಿ, ಗುಳ್ಳೆ ಘಾಟಿಯಲ್ಲಿ ಮಾತ್ರ ಎಲ್ಲಿಂದ ಬಂತು?

ಸರಕೂ ಸೇರಿ ಎರಡೂವರೆ ಟನ್ ತೂಗುವ ಗಾಡಿ 100 ಮೀಟರ್ ಎತ್ತರದಿಂದ ಕೆಳಗಿಳಿಯಿತು ಅನ್ನಿ. ಆ ಶಕ್ತಿಯೆಲ್ಲ ಬ್ರೇಕಿನಲ್ಲೇ ಬಿಸಿಯಾಗಿ ಮಾರ್ಪಟ್ಟರೆ, ಅದರಲ್ಲಿ ಏಳು ಲೀಟರಿಗಿಂತ ಹೆಚ್ಚು ತಣ್ಣೀರನ್ನು ಕುದಿಯುವವರೆಗೆ ಕಾಯಿಸಬಹುದು. ತಾಮರಶ್ಶೇರಿಯಲ್ಲಿ ಇಳಿಯಬೇಕಾದ್ದು ನೂರಲ್ಲ, ಹಲವು ನೂರು ಮೀಟರ್. ಹತ್ತುವಾಗ ಹಾಕುವ ಗೇರಿನಲ್ಲೇ ಇಳಿಯಬೇಕು ಅನ್ನುವುದು ಇದಕ್ಕೇ. ಆಗ ಎಂಜಿನ್ನೂ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕಿಗೆ ಉಸಿರಾಡಲು ಬಿಡುವು ಸಿಗುತ್ತದೆ.

ಬ್ರೇಕ್ ಆಯಿಲ್ ಸುಲಭಕ್ಕೆ ಕುದಿಯುವ ವಸ್ತುವಲ್ಲ. ಡಬ್ಬಿಯ ಮೇಲೆ ‘ಡಾಟ್ 3’ ಎಂದಿದ್ದರೆ, ಹೊಸದು 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದೆಂಬುದು ನಿಯಮ. ಆದರೆ ಅದಕ್ಕೊಂದು ದುರ್ಗುಣವಿದೆ: ಮಳೆಗಾಲದ ಉಪ್ಪಿನ ಭರಣಿಯಂತೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ರಬ್ಬರ್ ಹೋಸ್‌ನ ಮೂಲಕವೂ ತೇವ ಮೆಲ್ಲಗೆ ಒಳಸೇರುತ್ತದೆ. ನೂರು ಪಾಲಿನಲ್ಲಿ ನಾಲ್ಕು ಪಾಲಿಗಿಂತ ಕಡಿಮೆ ನೀರು ಸೇರಿದರೂ ಸಾಕು, ಕುದಿಯುವ ಮಟ್ಟ 140ರ ಆಸುಪಾಸಿಗೆ ಇಳಿದುಬಿಡುತ್ತದೆ. ವರ್ಷಗಟ್ಟಲೆ ಆಯಿಲ್ ಬದಲಿಸದ ಗಾಡಿ ಘಾಟಿ ಇಳಿಯುತ್ತದೆ, ಚಕ್ರದ ಬಳಿ ಆಯಿಲ್ ಕುದಿಯುತ್ತದೆ, ಆವಿಯ ಗುಳ್ಳೆ ಏಳುತ್ತದೆ. ಗಾಡಿ ನಿಂತು ತಣ್ಣಗಾದರೆ ಆವಿ ಮತ್ತೆ ದ್ರವ. ತಪ್ಪಿತಸ್ಥ ಮಾಯ!

ಎಲ್ಲ ಮೆತ್ತನೆಗೂ ಇದೇ ಕಾರಣವಲ್ಲ. ಸಮತಟ್ಟಿನಲ್ಲೂ ಪೆಡಲ್ ಪುಟಿಯುತ್ತಿದ್ದರೆ ಒಳಗೆ ಗಾಳಿಯೇ ಸೇರಿದೆ, ‘ಏರ್ ಹಿಡಿದಿದೆ’ ಅನ್ನುತ್ತಾರೆ ಶೆಡ್ಡಿನಲ್ಲಿ. ಎರಡು ಮೂರು ಸಲ ಪಂಪ್ ಮಾಡಿದಾಗ ಪೆಡಲ್ ಮೇಲೆದ್ದು ಗಟ್ಟಿಯಾದರೆ, ಹಿಂದಿನ ಬ್ರೇಕಿನ ಲೈನರ್ ಸವೆದು ಅದಕ್ಕೂ ಡ್ರಮ್ಮಿಗೂ ನಡುವಿನ ಅಂತರ ಹೆಚ್ಚಿರಬಹುದು. ನನಗೆ ಹೆಚ್ಚು ಭಯ ಹುಟ್ಟಿಸುವುದು ಇನ್ನೊಂದು ಬಗೆ: ಕಾಲು ಒತ್ತಿಯೇ ಇದ್ದರೂ ಪೆಡಲ್ ಮೆಲ್ಲಗೆ ಕೆಳಗೆ ಜಾರುತ್ತದೆ. ಹೊರಗೆ ಎಲ್ಲೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದು ಆಯಿಲ್ ಒಳಗೊಳಗೇ ನುಸುಳುತ್ತಿರಬಹುದು. ಇಂಥ ಗಾಡಿಯನ್ನು ಶೆಡ್ಡಿಗೆ ಓಡಿಸಿಕೊಂಡಲ್ಲ, ಎಳೆಸಿಕೊಂಡು ಹೋಗಬೇಕು.

ನಮ್ಮ ಘಾಟಿ ಗಾಡಿಗೆ ಮದ್ದು, ಹಳೆಯ ಆಯಿಲ್ ಪೂರ್ತಿ ತೆಗೆದು ಹೊಸದು ತುಂಬುವುದು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು, ಅಂದರೆ ಹಿಂದಿನ ಎಡಗಡೆಯದು. ಅದರ ಬ್ರೇಕಿನಲ್ಲಿ ಆಯಿಲ್ ಹೊರಬಿಡಲೆಂದೇ ಇರುವ ನಿಪ್ಪಲ್ಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸುತ್ತಾರೆ. ಒಬ್ಬ ಸೀಟಿನಲ್ಲಿ, ಇನ್ನೊಬ್ಬ ಗಾಡಿಯಡಿ.

“ಒತ್ತು... ಒತ್ತು... ಹಿಡ್ಕೊ!”

“ಹಿಡ್ದಿವ್ನಿ ಕನಣ್ಣ!”

ಆಗ ನಿಪ್ಪಲ್ ಸಡಿಲಿಸಿದರೆ ಪೆಡಲ್ ಇಳಿಯುತ್ತದೆ, ಕಪ್ಪಗಾದ ಆಯಿಲ್ ಗುಳುಗುಳು ಬಾಟಲಿಗೆ ಬರುತ್ತದೆ. ನಿಪ್ಪಲ್ ಬಿಗಿಯಾಗುವ ಮೊದಲೇ ಸೀಟಿನವನು ಕಾಲೆತ್ತಿದರೆ ಹೊರಹೋದ ಗಾಳಿ ವಾಪಸು ಒಳಕ್ಕೆ! ಮಾಸ್ಟರ್ ಸಿಲಿಂಡರಿನ ಮೇಲಿರುವ ಆಯಿಲ್ ಡಬ್ಬಿ ಬರಿದಾದರೂ ಅದೇ ಕತೆ. ಹೊಸ ಆಯಿಲ್‌ನ ಬಣ್ಣ ಬಂದು ಗುಳ್ಳೆ ನಿಲ್ಲುವವರೆಗೂ ಈ ಕೂಗಾಟ ನಡೆಯುತ್ತದೆ.

ಈ ಆಯಿಲ್ ಗಾಡಿಯ ಬಣ್ಣವನ್ನು ಕೀಳುತ್ತದೆ. ಚೆಲ್ಲಿದೊಡನೆ ಒಂದು ಚೊಂಬು ನೀರು ಸುರಿಯುತ್ತಾರೆ, ಆಯಿಲ್ ನೀರಿನಲ್ಲಿ ಬೆರೆತು ಜಾರಿಹೋಗುತ್ತದೆ. ನೀರಿನೊಂದಿಗೆ ಅದರ ಸ್ನೇಹ ಇಲ್ಲಾದರೂ ಉಪಯೋಗಕ್ಕೆ ಬರುತ್ತದೆ.