ದೇವರಲ್ಲಿ ಮೋಟಾರು ಬೇಡಿದ ಹಾಡು



ನಾನು ವಾಣಿಜ್ಯ ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವನು; ಸಾಹಿತ್ಯದ ಪಂಡಿತನಲ್ಲ. ಆದರೂ ಸಾಲದ ಅರ್ಜಿಗಳ ನಡುವೆ ಕುಳಿತವನಿಗೆ ಈ ಒಂದು ಹಾಡಿನ ಅರ್ಥ ಹೊಳೆದೀತೆಂಬ ಧೈರ್ಯದಿಂದ ತಮ್ಮೆದುರು ನಿಂತಿದ್ದೇನೆ.

ಹಾಡಿನ ಹೆಸರು ‘ಮರ್ಸಿಡಿಸ್ ಬೆಂಜ್’. ಅಮೆರಿಕದ ಗಾಯಕಿ ಜ್ಯಾನಿಸ್ ಜೋಪ್ಲಿನ್ ಇದನ್ನು 1970ರ ಅಕ್ಟೋಬರ್ 1ರಂದು ಲಾಸ್ ಏಂಜಲೀಸಿನಲ್ಲಿ, ಯಾವ ವಾದ್ಯವೂ ಇಲ್ಲದೆ, ಹಾಡಿ ಮುದ್ರಿಸಿದಳು. ಮೂರು ದಿನಗಳ ತರುವಾಯ, 27ನೆಯ ವಯಸ್ಸಿನಲ್ಲಿ, ತೀರಿಕೊಂಡಳು. ಹಾಡು ಹೊರಬಂದುದು 1971ರಲ್ಲಿ.

ಹೊರನೋಟಕ್ಕೆ ಅದೊಂದು ಪ್ರಾರ್ಥನೆ. ಭಕ್ತೆಯೊಬ್ಬಳು ದೇವರಲ್ಲಿ ಮೊದಲು ಮೋಟಾರು, ಆಮೇಲೆ ಬಣ್ಣದ ಟೆಲಿವಿಷನ್ನು, ಕೊನೆಗೆ ಪೇಟೆಯಲ್ಲಿ ಒಂದು ರಾತ್ರಿಯ ಮೋಜು ಬೇಡುತ್ತಾಳೆ. ಕೇಳಿದವರು ನಗುತ್ತಾರೆ, ಹಾಡಿದವಳೂ ಕೊನೆಯಲ್ಲಿ ನಗುತ್ತಾಳೆ. ಆದರೆ ಬೇಡಿಕೆಗಿಂತ ಅದರ ಕಾರಣವನ್ನು ಗಮನಿಸಬೇಕು. ಗೆಳೆಯರಿಗೆಲ್ಲ ಒಳ್ಳೆಯ ಗಾಡಿಗಳಿವೆ, ತನಗಿಲ್ಲ ಎಂಬುದೇ ಕೊರಗು. ನಡೆದು ಕಾಲು ಸೋತಿತೆಂದಲ್ಲ. ಕೊನೆಯ ನುಡಿಯಲ್ಲಂತೂ ದೇವರು ಕೊಡಿಸಿಯೇ ತನ್ನ ಪ್ರೀತಿಯನ್ನು ರುಜುವಾತು ಮಾಡಬೇಕು. ಪ್ರೀತಿಗೂ ರಸೀದಿ!

ಇದು ಪರನಿಂದೆಯಲ್ಲ. ಹಾಡಿದವಳ ಬಳಿಯೇ ಬಣ್ಣಬಣ್ಣದ ಚಿತ್ತಾರದ ಪೋರ್ಷೆ ಕಾರಿತ್ತು; ತನ್ನನ್ನೂ ಸೇರಿಸಿಕೊಂಡ ನಗೆ ಅದು. ಸೋಜಿಗವೆಂದರೆ, 1995ರಲ್ಲಿ ಆ ಮೋಟಾರು ಕಂಪನಿಯೇ ಈ ಹಾಡನ್ನು ತನ್ನ ಜಾಹೀರಾತಿಗೆ ಬಳಸಿಕೊಂಡಿತು. ಅಣಕವನ್ನೂ ಸರಕಾಗಿಸುವ ಶಕ್ತಿ ಪೇಟೆಗಿದೆ.

ನಮ್ಮ ಪುರಂದರದಾಸರು ಸಿರಿವಂತ ವ್ಯಾಪಾರಿಯಾಗಿದ್ದು ಎಲ್ಲವನ್ನೂ ಬಿಟ್ಟು ಬಂದವರೆಂದು ಪ್ರತೀತಿ. ಕಲ್ಲುಸಕ್ಕರೆಯ ಪದದಲ್ಲಿ ಅವರು ಪೇಟೆಯ ಮಾತನ್ನೇ ಹಿಡಿದು ಹರಿನಾಮವನ್ನು ಕೊಳ್ಳಿರೆಂದು ಕೂಗುತ್ತಾರೆ. ಅಲ್ಲಿ ವ್ಯಾಪಾರವು ಪ್ರಾರ್ಥನೆಯಾಗುತ್ತದೆ. ಇಲ್ಲಿ ಪ್ರಾರ್ಥನೆಯು ವ್ಯಾಪಾರವಾಗುತ್ತದೆ. ಎರಡನ್ನೂ ಜೊತೆಗಿಟ್ಟು ನೋಡಿದಾಗಲೇ ನನಗೆ ಅಮೆರಿಕದ ಹಾಡಿನ ನಗೆಯೊಳಗಿನ ನೋವು ತಿಳಿದುದು.

ಇನ್ನು ನನ್ನ ಲೆಕ್ಕವನ್ನೂ ಒಪ್ಪಿಸಿಬಿಡುತ್ತೇನೆ. ಮೇಲಿನ ಮಹಡಿಯವರು ಗೋಡೆಯಗಲದ ಟೀವಿ ತಂದ ತಿಂಗಳೇ ನಾನೂ ಕಂತಿನ ಮೇಲೆ ಒಂದನ್ನು ತಂದೆ. ಮಗಳಿಗಾಗಿ ಎಂದು ಹೇಳಿಕೊಂಡೆ. ಆ ಕಂತುಗಳ ದೆಸೆಯಿಂದ ಎರಡು ದೀಪಾವಳಿ ಮುಂಬಯಿಯಿಂದ ಊರಿಗೆ ಹೋಗಲಾಗಲಿಲ್ಲ. ಎರಡನೆಯ ವರ್ಷ ಅಮ್ಮ ಫೋನಿನಲ್ಲಿ, “ಟೀವಿ ಚೆನ್ನಾಗಿ ಕಾಣುತ್ತದೇನಪ್ಪಾ?” ಎಂದಷ್ಟೇ ಕೇಳಿದರು. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ಉತ್ತರ ಸುಲಭವಾಗುತ್ತಿತ್ತು.

ಸಾಲದ ಅರ್ಜಿಯಲ್ಲಿ ‘ಉದ್ದೇಶ’ ಎಂಬ ಒಂದು ಕಾಲಮಿದೆ. ನಾನಲ್ಲಿ ವಸ್ತುವಿನ ಹೆಸರು ಬರೆದಿದ್ದೆ. ಸತ್ಯ ಬರೆಯುವುದಾಗಿದ್ದರೆ ‘ಮೇಲಿನ ಮಹಡಿ’ ಎಂದು ಬರೆಯಬೇಕಿತ್ತು.

ವಸ್ತು ಬೇಡವೆಂದು ನಾನು ಹೇಳಲಾರೆ, ಸಂಸಾರಸ್ಥರಿಗೆ ಬೇಕು. ಕೊಳ್ಳುವ ಮುನ್ನ ಆ ಕಾಲಮನ್ನು ಮನಸ್ಸಿನಲ್ಲಾದರೂ ನಿಜವಾಗಿ ತುಂಬೋಣ ಎಂಬುದಿಷ್ಟೇ ನನ್ನ ಅರಿಕೆ. ನನ್ನ ಕಂತು ತೀರಿದೆ. ಮುಂದಿನ ದೀಪಾವಳಿಗೆ ಊರು.