ಬೇಸಿಗೆಯ ಜೇಬು, ಅಂಗಡಿಯ ಖಾತೆ

(ಮಲ್ಕಾಜ್‌ಗಿರಿಯಲ್ಲಿ ಕನ್ನಡ ವಿದ್ಯಾರ್ಥಿಗಳ ಬೇಸಿಗೆ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಬೇಸಿಗೆಯ ರಜೆಯಲ್ಲಿ ಕಾಲೇಜು ವಿದ್ಯಾರ್ಥಿಗಳು ಹಣವನ್ನು ಹೇಗೆ ಬಳಸಬೇಕು ಎಂಬ ವಿಷಯವನ್ನು ಸಂಘದವರು ನನಗೆ ಒಪ್ಪಿಸಿದ್ದಾರೆ. ಉದ್ಯೋಗದ ಕಾಲವನ್ನೆಲ್ಲ ಲೆಕ್ಕಪತ್ರಗಳ ನಡುವೆ ಕಳೆದವನೆಂಬ ಕಾರಣಕ್ಕೆ ಈ ಹೊಣೆ ನನಗೆ ಬಂದಿರಬೇಕು. ಆದರೆ ಈ ವಿಷಯದಲ್ಲಿ ನನಗಿರುವ ಅರ್ಹತೆಯೇ ಬೇರೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಬೇಸಿಗೆಯ ಹಣವನ್ನು ಪೂರ್ತಿಯಾಗಿ ಹಾಳುಮಾಡಿದವನು ನಾನು. ಅದನ್ನು ಮೊದಲು ಹೇಳಿಬಿಡುತ್ತೇನೆ. ಉಪದೇಶ ಆಮೇಲೆ ಇದ್ದರೆ ಇರಲಿ.

ನನ್ನ ಅಜ್ಜ ನಿಜಾಮರ ಕಾಲದಲ್ಲಿ ಹೈದರಾಬಾದಿಗೆ ಓದಲು ಬಂದವರು. ಆಗ ಕಲಬುರಗಿ, ರಾಯಚೂರು, ಬೀದರಗಳ ಹುಡುಗರಿಗೆ ಉನ್ನತ ಶಿಕ್ಷಣವೆಂದರೆ 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯವೇ. ಅಜ್ಜ ಕೆಲವು ಕಾಲ ವಾರಾನ್ನದಲ್ಲಿ ಓದಿದರಂತೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಕೈಯಲ್ಲಿ ಎರಡು ಬಗೆಯ ನಾಣ್ಯ: ಸಂಸ್ಥಾನದ ಹಾಲಿ ಸಿಕ್ಕಾ, ಬ್ರಿಟಿಷರ ಕಲ್ದಾರ್. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. ಗಡಿ ದಾಟಿ ಸೊಲ್ಲಾಪುರಕ್ಕೆ ಹೋಗುವಾಗ ಈ ಭಾಗಾಕಾರ ತಪ್ಪಿದರೆ ಹಸಿದಿರಬೇಕಾಗುತ್ತಿತ್ತು. ಆದ್ದರಿಂದ ಅವರು ಮಲಗುವ ಮುನ್ನ ಲೆಕ್ಕ ಬರೆಯುತ್ತಿದ್ದರು. ಆ ಅಭ್ಯಾಸ ಅಪ್ಪನಿಗೆ ಬಂತು, ನನಗೆ ಬರಲಿಲ್ಲ.

ಅಪ್ಪ ಲಾಲಾಗುಡದ ರೈಲ್ವೆ ಕಾರ್ಖಾನೆಯಲ್ಲಿ ಕೆಲಸಗಾರರು. ನಮ್ಮ ಬಿಡಾರ ಇಲ್ಲಿಯೇ, ಮಲ್ಕಾಜ್‌ಗಿರಿಯಲ್ಲಿ. 1974ರ ಮಾರ್ಚ್ ಕೊನೆಯಲ್ಲಿ ಅವರು ನನ್ನ ಕೈಗೆ 140 ರೂಪಾಯಿ ಕೊಟ್ಟರು. ಜೂನಿನಲ್ಲಿ ಕಟ್ಟಬೇಕಾದ ಕಾಲೇಜು ಶುಲ್ಕ ಅದು. “ನನ್ನ ಹತ್ರ ಇದ್ರ ಖರ್ಚಾಗ್ತದ, ನೀನೇ ಇಟ್ಕೊ” ಎಂದರು. ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಆ ವಯಸ್ಸಿನಲ್ಲಿ ಹಣವೆಂಬುದು ಅಪ್ಪನಿಂದ ಬರುವ ವಸ್ತು, ಅಷ್ಟೇ.

ಏಪ್ರಿಲ್ ತಿಂಗಳಲ್ಲಿ ಪರೀಕ್ಷೆ ಮುಗಿಯಿತು. ಬೆಲ್‌ಬಾಟಮ್ ಪ್ಯಾಂಟು ಹೊಲಿಸಿದೆ. ಸಿಕಂದರಾಬಾದಿನ ಸಂಗೀತ್ ಚಿತ್ರಮಂದಿರದಲ್ಲಿ ಅರ್ಧ ಅರ್ಥವಾಗುವ ಇಂಗ್ಲಿಷ್ ಚಿತ್ರಗಳನ್ನು ನೋಡಿದೆ. ಇರಾನಿ ಹೋಟೆಲಿನಲ್ಲಿ ಗೆಳೆಯರಿಗೆಲ್ಲ ಚಹಾ, ಉಸ್ಮಾನಿಯಾ ಬಿಸ್ಕತ್ತು. ಯಾವುದೂ ದೊಡ್ಡ ಖರ್ಚಲ್ಲ. ತಿಂಗಳ ಕೊನೆಗೆ ಎಣಿಸಿದಾಗ ಹನ್ನೊಂದು ರೂಪಾಯಿ ಉಳಿದಿತ್ತು. ಇನ್ನೂ ಮೇ ತಿಂಗಳಿದೆಯಲ್ಲ, ಪಾಠ ಹೇಳಿ ಸಂಪಾದಿಸುತ್ತೇನೆ ಎಂದು ಸಮಾಧಾನ ಹೇಳಿಕೊಂಡೆ.

ಮೇ 8ರಂದು ದೇಶದಾದ್ಯಂತ ರೈಲ್ವೆ ಮುಷ್ಕರ ಆರಂಭವಾಯಿತು. ಜಾರ್ಜ್ ಫರ್ನಾಂಡಿಸರ ನೇತೃತ್ವದ ಆ ಮುಷ್ಕರ 27ರವರೆಗೆ ನಡೆಯಿತು. ನಮ್ಮ ಓಣಿಯ ಎಷ್ಟೋ ಮನೆಗಳಲ್ಲಿ ಸಂಬಳ ನಿಂತಿತು. ವಾಡಿಯ ಕಡೆಯ ಊರಿನಿಂದ ಜೋಳದ ಚೀಲ ತರಿಸೋಣವೆಂದರೆ ರೈಲೇ ಇಲ್ಲ. ಅವ್ವ ಡಬ್ಬಿಗಳನ್ನು ಅಲುಗಾಡಿಸಿ ನೋಡಿ, ಹತ್ತು ದಿನಕ್ಕೆ ಸಾಕು ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಆ ಫೀಸಿನ ಹಣ ಸದ್ಯಕ್ಕೆ ಕೊಡು, ಆಮೇಲೆ ನೋಡೋಣ ಎಂದಳು. ನಾನು ಹನ್ನೊಂದು ರೂಪಾಯಿ ತಂದು ಇಟ್ಟೆ. ಅವಳು ಬೈಯಲಿಲ್ಲ, ಅದನ್ನು ಎರಡು ಸಲ ಎಣಿಸಿದಳು.

ಸ್ಟೇಷನ್ ರಸ್ತೆಯ ಕಿರಾಣಿ ಅಂಗಡಿಯ ಸೇಠ್‌ಗೆ ಉದ್ರಿ ಪುಸ್ತಕ ನಕಲು ಮಾಡಲು ಹುಡುಗ ಬೇಕಾಗಿತ್ತು. ಕೂಲಿಯನ್ನು ನಮ್ಮ ಬಾಕಿಯಲ್ಲಿ ಮುರಿದುಕೊಳ್ಳುವುದೆಂದು ಮಾತಾಯಿತು. ಮೂರನೆಯ ದಿನ ಅಪ್ಪನ ಹೆಸರಿನ ಪುಟ ಬಂತು. ಜನವರಿಯಿಂದಲೇ ಎಣ್ಣೆ, ಬೆಲ್ಲ, ಸಕ್ಕರೆ ಎಲ್ಲವೂ ಅರ್ಧ ಅಳತೆಯಲ್ಲಿ, ಎಲ್ಲವೂ ಉದ್ರಿಯಲ್ಲಿ. ಅಪ್ಪನ ಬೀಡಿ ಫೆಬ್ರವರಿಯ ನಂತರ ಕಾಣಿಸಲೇ ಇಲ್ಲ. ಮಾರ್ಚಿನ ಕೊನೆಯಲ್ಲಿ ಒಂದೇ ಸಾಲು: ನಗದು ಕೈಗಡ, 140 ರೂಪಾಯಿ.

ಮಿತ್ರರೆ, ಆ ಸಾಲನ್ನು ನಾನು ನನ್ನ ಕೈಯಿಂದಲೇ ಹೊಸ ಪುಸ್ತಕಕ್ಕೆ ಇಳಿಸಬೇಕಾಯಿತು. ಆ ರಾತ್ರಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ತಿಳೀತಲ್ಲ? ಹಂಗಾದ್ರ ನಾಳಿನೂ ಹೋಗಿ ಬರಿ” ಎಂದರು. ಆಗಸ್ಟಿನವರೆಗೆ ಬರೆದೆ. ಶುಲ್ಕ ಸಕಾಲಕ್ಕೆ ಕಟ್ಟಲಾಗದೆ ನನ್ನ ಓದು ಒಂದು ವರ್ಷ ಹಿಂದೆ ಬಿತ್ತು.

ಈಗ ನಿಮ್ಮ ಕಾಲಕ್ಕೆ ಬರೋಣ. ಕಾಲೇಜು ನಡೆಯುವಾಗ ದಿನದ ಹೊತ್ತನ್ನು ತರಗತಿಗಳೇ ತಿನ್ನುತ್ತವೆ. ರಜೆಯಲ್ಲಿ ಖಾಲಿ ಉಳಿದ ಹೊತ್ತು ಹಣವನ್ನು ತಿನ್ನುತ್ತದೆ. ಎರಡು ತಿಂಗಳಿಗೆ 6,000 ರೂಪಾಯಿ ಇದೆಯೆನ್ನಿ. ಜೂನಿನ ಪುಸ್ತಕ, ಶುಲ್ಕಕ್ಕೆ 2,000 ಮೊದಲೇ ತೆಗೆದು ಅವ್ವನ ಕೈಗೆ ಕೊಡಿ. ನನ್ನ ಅಪ್ಪನ ತಪ್ಪನ್ನು ನೀವು ಮಾಡಬೇಡಿ, ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ. ಊರಿಗೆ ಹೋಗಿಬರಲು 800. ಉಳಿದದ್ದು 3,200, ಎಂಟು ವಾರಕ್ಕೆ ಹಂಚಿದರೆ ವಾರಕ್ಕೆ 400. ಒಂದು ವಾರ 460 ಆದರೆ ಮುಂದಿನ ವಾರ 340. ಕೊನೆಯ ವಾರದಿಂದ ಸಾಲ ತೆಗೆಯುವಂತಿಲ್ಲ. ತಿಂಗಳ ಲೆಕ್ಕ ಹಾಕುವ ಹುಡುಗನಿಗೆ ತಿಂಗಳ ಮೊದಲರ್ಧವೆಲ್ಲ ಹಬ್ಬ. ವಾರದ ಲೆಕ್ಕದಲ್ಲಿ ತಪ್ಪು ಮಾಡಿದರೂ ಅದು ಏಳು ದಿನಕ್ಕೆ ಸಿಕ್ಕಿಬೀಳುತ್ತದೆ. ಹಾಸ್ಟೆಲಿನಲ್ಲಿರುವವರು ಊರಿಗೆ ಹೊರಡುವ ಮುನ್ನವೇ, ಖಾಲಿ ಮಂಚಕ್ಕೂ ಬಾಡಿಗೆ ಕೊಡಬೇಕೆ ಎಂದು ಮಾಲೀಕರನ್ನು ಬಾಯಿಬಿಟ್ಟು ಕೇಳಿ. ನಾಚಿಕೆಯಿಂದ ಹೋಗುವ ಹಣ ಸಿನಿಮಾಕ್ಕೆ ಹೋಗುವುದಕ್ಕಿಂತ ಹೆಚ್ಚು. ಮಾವಿನ ಹಣ್ಣಿಗೂ ಕಾಯಿರಿ. ಏಪ್ರಿಲ್ ಮೊದಲಲ್ಲಿ ಬರುವ ಬಂಗನಪಲ್ಲಿಗೆ ಬೆಲೆ ಹೆಚ್ಚು, ರುಚಿ ಕಡಿಮೆ. ಮೇ ನಡುವೆ ಎರಡೂ ತಿರುವುಮುರುವಾಗುತ್ತವೆ.

ನಮ್ಮ ಕಾಲದಲ್ಲಿ ಖರ್ಚಿಗೆ ಸಾಕ್ಷಿಯಾಗಿ ತೆಳ್ಳಗಾಗುವ ಜೇಬಿತ್ತು. 2016ರಲ್ಲಿ ಯುಪಿಐ ಬಂದ ಮೇಲೆ ಆ ಸಾಕ್ಷಿ ಇಲ್ಲ. 2022ರಲ್ಲಿ ಬಂದ ಯುಪಿಐ ಲೈಟ್‌ನಲ್ಲಿ ಸಣ್ಣ ಮೊತ್ತಕ್ಕೆ ಗುಪ್ತಸಂಖ್ಯೆ ಒತ್ತುವ ಶ್ರಮವೂ ಇಲ್ಲ. ಅನುಕೂಲವನ್ನು ನಾನು ಹಳಿಯುವುದಿಲ್ಲ, ತರಕಾರಿಯವಳಿಗೆ ನಾನೂ ಫೋನಿನಿಂದಲೇ ಕೊಡುತ್ತೇನೆ. ಆದರೆ ರಾತ್ರಿ ಆ ದಿನದ ಪಾವತಿಗಳನ್ನು ಕೈಯಿಂದ ಒಂದು ನೋಟ್‌ಬುಕ್ಕಿಗೆ ಇಳಿಸಿರಿ. ಫೋನು ತಾನೇ ಲೆಕ್ಕ ಇಡುತ್ತದೆಯಲ್ಲ ಎನ್ನುತ್ತೀರಿ. ಸೇಠ್‌ನ ಪುಸ್ತಕವೂ ತಾನೇ ಲೆಕ್ಕ ಇಟ್ಟಿತ್ತು; ನಾನು ಬರೆಯುವವರೆಗೆ ಅದು ನನಗೆ ಗೊತ್ತಿರಲಿಲ್ಲ.

ಆ ಸೇಠ್ ಬಾಕಿ ಕೇಳಲು ಮನೆಯ ಬಾಗಿಲಿಗೆ ಬರುತ್ತಿದ್ದ, ಅವ್ವ ಕೊಟ್ಟ ನೀರು ಕುಡಿಯುತ್ತಿದ್ದ. ಈಗಿನ ಸಾಲದ ಆ್ಯಪುಗಳಿಗೆ ಮುಖವಿಲ್ಲ. 2020ರ ಡಿಸೆಂಬರಿನಲ್ಲಿ ಇದೇ ತೆಲಂಗಾಣದಲ್ಲಿ ಅವುಗಳ ಕಿರುಕುಳ ತಾಳದೆ ಕೆಲವರು ಪ್ರಾಣ ಕಳೆದುಕೊಂಡರು. ಹೈದರಾಬಾದಿನ ಪೊಲೀಸರು ಹಲವರನ್ನು ಬಂಧಿಸಿದರು. 2022ರಲ್ಲಿ ರಿಸರ್ವ್ ಬ್ಯಾಂಕು ಡಿಜಿಟಲ್ ಸಾಲಕ್ಕೆ ನಿಯಮಗಳನ್ನು ತಂದಿತು. ನಿಯಮ ಬಂದಮಾತ್ರಕ್ಕೆ ಮೋಸ ನಿಲ್ಲುವುದಿಲ್ಲ. ಫೋನಿನಲ್ಲಿರುವ ನಂಟರ, ಗೆಳೆಯರ ಸಂಖ್ಯೆಗಳನ್ನು ಒತ್ತೆಯಾಗಿ ಕೇಳುವ ಯಾವ ಸಾಲವನ್ನೂ ಮುಟ್ಟಬೇಡಿ. ಈಗಾಗಲೇ ಮುಟ್ಟಿದ್ದರೆ ಇಂದು ರಾತ್ರಿಯೇ ಮನೆಯಲ್ಲಿ ಹೇಳಿ. ತಾಯಂದಿರೆ, ತಂದೆಯವರೆ, ಹೇಳಿದ ದಿನ ಬೈಯಬೇಡಿ. ಎರಡು ಸಲ ಎಣಿಸಿ ಸುಮ್ಮನಿರಿ.

ಇನ್ನೊಂದು ಮಾತು ನಮ್ಮಂಥ ಹೊರನಾಡಿನವರಿಗೇ ಸಂಬಂಧಿಸಿದ್ದು. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ, ತೆಲಂಗಾಣದಲ್ಲಿ ಅದೇ ವರ್ಷ ಡಿಸೆಂಬರ್ 9ರಿಂದ ಮಹಾಲಕ್ಷ್ಮಿ ಯೋಜನೆ. ಎರಡೂ ಕಡೆ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ. ಆದರೆ ಆಯಾ ರಾಜ್ಯದ ನಿವಾಸಿಗಳಿಗೆ ಮಾತ್ರ. ಕಲಬುರಗಿಯ ವಿಳಾಸವಿರುವ ಹುಡುಗಿ ಮಲ್ಕಾಜ್‌ಗಿರಿಯಲ್ಲಿ ಟಿಕೇಟು ಕೊಳ್ಳಬೇಕು. ಮಲ್ಕಾಜ್‌ಗಿರಿಯಲ್ಲೇ ಹುಟ್ಟಿದ ನನ್ನ ಮೊಮ್ಮಗಳು ಕಲಬುರಗಿಯಲ್ಲಿ ಕೊಳ್ಳಬೇಕು. 1956ರ ನವೆಂಬರ್ 1ರಂದು ಎಳೆದ ಗೆರೆ ಇಂದಿಗೂ ನಮ್ಮ ಹೆಣ್ಣುಮಕ್ಕಳ ಪರ್ಸಿನಲ್ಲಿ ಹಾದುಹೋಗುತ್ತದೆ. ಹಾಲಿ ಸಿಕ್ಕಾ, ಕಲ್ದಾರ್ ಎರಡೂ ಹೋದವೆಂದು ಅಜ್ಜ ಸಂತೋಷಪಟ್ಟಿದ್ದರು. ಈ ಹೊಸ ಬಟವಾಡೆಗೆ ದರ ಗೊತ್ತುಮಾಡುವವರು ಯಾರು? ಓದಲು ಬಂದ ವಿದ್ಯಾರ್ಥಿನಿಯರನ್ನಾದರೂ ಎರಡು ಸರ್ಕಾರಗಳು ಪರಸ್ಪರ ಒಪ್ಪಿಕೊಳ್ಳಬೇಕೆಂದು ನಮ್ಮ ಸಂಘ ಮನವಿ ಬರೆಯಬೇಕು. ಅಲ್ಲಿಯವರೆಗೆ ಊರಿನ ಪ್ರಯಾಣದ ಹಣವನ್ನು ಲೆಕ್ಕದಲ್ಲಿ ಪೂರ್ತಿ ಹಿಡಿಯಿರಿ.

ಸೇಠ್ ತೀರಿಕೊಂಡು ಬಹಳ ವರ್ಷಗಳಾದವು. ಅಂಗಡಿ ಮುಚ್ಚುವಾಗ ಅವರ ಮಗ ಆ ನಕಲು ಪುಸ್ತಕವನ್ನು ನನಗೇ ಕೊಟ್ಟ. ಇಂದು ತಂದಿದ್ದೇನೆ, ಹೊರಗೆ ಮಜ್ಜಿಗೆಯ ಮೇಜಿನ ಪಕ್ಕದಲ್ಲಿ ಇಟ್ಟಿರುತ್ತೇನೆ, ನೋಡುವವರು ನೋಡಬಹುದು. ಅಪ್ಪನ ಪುಟದ ಬಾಕಿ 1975ರ ದೀಪಾವಳಿಗೆ ತೀರಿತು. ತೀರಿತು ಎಂದು ಬರೆದಿರುವ ಅಕ್ಷರವೂ ನನ್ನದೇ.