ಅಡಿಕೆಯ ಅಂಗಳದಲ್ಲಿ ಅರ್ಥಶಾಸ್ತ್ರ



ಬೇಡಿಕೆ, ಪೂರೈಕೆ, ಬಂಡವಾಳ ಎಂಬ ಪದಗಳನ್ನು ನಮ್ಮ ಪ್ರೌಢಶಾಲೆಯ ಮಕ್ಕಳು ಬಾಯಿಪಾಠವಾಗಿ ಬಲ್ಲರು. ಆದರೆ ಕಾಸರಗೋಡಿನ ನಮ್ಮ ಅಂಗಳಗಳಲ್ಲಿ ಸುಮಾರು 40 ದಿನ ಒಣಗುವ ಅಡಿಕೆಯೂ ಬಂಡವಾಳವೇ ಎಂಬುದು ಮನದಟ್ಟಾಗುವುದು, ಅದರ ಲೆಕ್ಕವನ್ನು ಅವರೇ ಬರೆದಾಗ.

ಗೊಬ್ಬರ, ಮದ್ದು ಬಿಡುವ ಖರ್ಚು, ಕೊಯ್ಲು ಮತ್ತು ಸುಲಿಯುವ ಕೂಲಿ ಒಂದು ಕಡೆ. ಮಾರಾಟದ ಹಣ ಇನ್ನೊಂದು ಕಡೆ. ಮನೆಯವರ ದುಡಿಮೆಗೂ ಕೂಲಿ ಕಟ್ಟಲಿ. ಲಾಭವೆಂದು ತಿಳಿದದ್ದರಲ್ಲಿ ತಾಯಿಯ ಸಂಬಳವಿಲ್ಲದ ಶ್ರಮವೆಷ್ಟೆಂಬುದು ಆಗ ಕಾಣುತ್ತದೆ. ಹೊಸ ಅಡಿಕೆಯನ್ನು ಈಗಲೇ ಮಾರುವುದೋ, ಹಳತಾಗುವವರೆಗೆ ಕಾಯುವುದೋ? ಕಾದರೆ ದರ ಏರಬಹುದು. ಸಾಲದ ಬಡ್ಡಿಯಂತೂ ಏರಿಯೇ ಏರುತ್ತದೆ. ಈ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಸಿದ್ಧ ಉತ್ತರವಿಲ್ಲ.

1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ಕುಸಿದಾಗ ಕರ್ನಾಟಕ, ಕೇರಳಗಳ ಬೆಳೆಗಾರರು ಒಂದಾದರು. 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ರಾಜ್ಯದ ಗಡಿಯನ್ನು ಮೀರಿದ ಆ ಸಹಕಾರವೂ ನಮ್ಮ ಮಕ್ಕಳಿಗೆ ಪಾಠವಾಗಬೇಕು.

ಕನ್ನಡದಲ್ಲಿ ಕಲಿತರೆ ವ್ಯವಹಾರಕ್ಕೆ ಸಾಲದೆಂದು ಚಿಂತಿಸುವ ಪೋಷಕರಲ್ಲಿ ನಮ್ಮದೊಂದು ವಿನಂತಿ: ಮನೆಯ ಲೆಕ್ಕದ ಪುಸ್ತಕವನ್ನು ಮಕ್ಕಳ ಮುಂದೆ ತೆರೆಯಿರಿ; ಸಾಲದ ಪುಟವನ್ನು ಮುಚ್ಚಿಡದಿರಿ. ಮನೆಮಾತಿನಲ್ಲಿ ಲೆಕ್ಕ ತಿಳಿದವರು ಯಾವ ಭಾಷೆಯ ಪೇಟೆಯಲ್ಲಿಯೂ ಮೋಸಹೋಗರು.